ಎಳೆಗೂಸಿನ ತೂಕ: ಏರದಿದ್ದರೂ, ಅತಿಯಾಗಿ ಏರಿದರೂ ಎಲ್ಲಿಂದ ಹುಡುಕಬೇಕು

ಬಾಣಂತಿ ಮನೆಗೆ ಬಂದವರೆಲ್ಲ ಮಗುವಿನ ಮೈಯ ಬಗ್ಗೆ ಒಂದು ಮಾತು ಆಡಿಯೇ ಹೋಗುತ್ತಾರೆ. ‘ಮೈ ಹಿಡಿದೇ ಇಲ್ಲವಲ್ಲ, ಹಾಲು ಸಾಲುತ್ತಿಲ್ಲವೇನೋ’ ಎಂದು ಒಬ್ಬರು, ‘ಗುಂಡಗಿದೆ, ದೃಷ್ಟಿ ತೆಗೆಯಿರಿ’ ಎಂದು ಇನ್ನೊಬ್ಬರು. ಮೊದಲ ಮಾತು ಕೇಳಿದ ತಾಯಿ ಎಷ್ಟೋ ಸಲ ಅದೇ ಸಂಜೆ ಹಾಲಿನ ಪುಡಿ ತರಿಸುತ್ತಾಳೆ. ಎರಡನೆಯ ಮಾತು ಕೇಳಿದವಳು ನಿಶ್ಚಿಂತೆಯಿಂದ ಇದ್ದುಬಿಡುತ್ತಾಳೆ. ಎರಡು ಕಡೆಯೂ ತಪ್ಪಾಗುವ ಸಾಧ್ಯತೆ ಇದೆ. ಕಣ್ಣಳತೆಗೆ ಸಣ್ಣಗೆ ಕಂಡ ಮಗು ಸರಿಯಾಗಿಯೇ ಬೆಳೆಯುತ್ತಿರಬಹುದು. ಗುಂಡಗೆ ಕಂಡ ಮಗುವಿಗೆ ಚಿಕಿತ್ಸೆ ಬೇಕಿರಬಹುದು.

ಕೊಬ್ಬು ಎಂದರೆ ಬರೀ ದಾಸ್ತಾನು ಎಂಬ ತಿಳಿವಳಿಕೆ 1994ರಲ್ಲಿ ಬದಲಾಯಿತು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಹಾರ್ಮೋನಿನ ಜೀನನ್ನು ಪತ್ತೆಹಚ್ಚಿದ ವರ್ಷ ಅದು. ಲೆಪ್ಟಿನ್ ಕೊಬ್ಬಿನ ಕೋಶಗಳಲ್ಲಿ ತಯಾರಾಗಿ ರಕ್ತದ ಮೂಲಕ ಮೆದುಳಿನ ಹೈಪೊಥಲಾಮಸ್‌ಗೆ ಹೋಗುತ್ತದೆ, ಮೈಯಲ್ಲಿ ಎಷ್ಟು ಕೊಬ್ಬಿದೆ ಎಂಬ ವರದಿ ಒಪ್ಪಿಸುತ್ತದೆ. ವರದಿ ಕಡಿಮೆ ಬಂದರೆ ಹಸಿವು ಹೆಚ್ಚು. ಅದೇ ಕೊಬ್ಬಿನಿಂದ ಬರುವ ಇನ್ನೊಂದು ಹಾರ್ಮೋನು ಅಡಿಪೊನೆಕ್ಟಿನ್. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವಂತೆ ಅದು ನೋಡಿಕೊಳ್ಳುತ್ತದೆ, ನವಜಾತ ಶಿಶುವಿನ ರಕ್ತದಲ್ಲಿ ದೊಡ್ಡವರಲ್ಲಿರುವುದಕ್ಕಿಂತ ಹೆಚ್ಚೇ ಇರುತ್ತದೆ. ಮೊದಲ ಮೂರು ತಿಂಗಳ ತೂಕದ ಏರಿಳಿತದಲ್ಲಿ ಈ ಎರಡಕ್ಕೂ ಪಾಲಿದೆ. ಹಾಗೆಂದು ಲ್ಯಾಬಿಗೆ ಓಡಬೇಕಿಲ್ಲ. ಖರ್ಚಿಲ್ಲದ ಪರೀಕ್ಷೆಗಳಿಂದ ಶುರುಮಾಡಿ.

ತೂಕ ಗೀಕ ನೋಡುತ್ತ ಕೂರಬಾರದ ಲಕ್ಷಣಗಳು

ಕೆಳಗಿನವುಗಳಲ್ಲಿ ಒಂದು ಕಂಡರೂ ಉಳಿದ ಭಾಗ ಓದುವುದು ಬೇಡ. 108ಕ್ಕೆ ಕರೆ ಮಾಡಿ, ಇಲ್ಲವೇ ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಮಗು ತಾಯಿಯ ಎದೆಗೆ ಅಂಟಿಕೊಂಡು ಬೆಚ್ಚಗಿರಲಿ.

- ಹಾಲು ಕುಡಿಯುವುದನ್ನೇ ಬಿಟ್ಟಿದೆ, ಎಬ್ಬಿಸಿದರೂ ಏಳುತ್ತಿಲ್ಲ, ಮೈ ಜೋತುಬಿದ್ದಿದೆ
- ಕಂಕುಳಲ್ಲಿಟ್ಟ ಥರ್ಮಾಮೀಟರ್ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು, ಇಲ್ಲವೇ 35.5ಕ್ಕಿಂತ ಕಡಿಮೆ ತೋರಿಸುತ್ತಿದೆ
- ನಿದ್ದೆಯಲ್ಲೂ ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿದೆ, ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿದೆ
- ಹಸಿರು ಬಣ್ಣದ ವಾಂತಿ (ಕರುಳು ತಿರುಚಿಕೊಂಡಿರಬಹುದು, ಗಂಟೆಗಳ ಲೆಕ್ಕದ ವಿಷಯ)
- ಫಿಟ್ಸ್, ತುಟಿ ನೀಲಿಯಾಗುವುದು, ಅಂಗೈ ಅಂಗಾಲಿನವರೆಗೂ ಹಳದಿ

ಹಾಲು ಕುಡಿಯುವಾಗ ಹಣೆ ಬೆವರುವುದು, ಎರಡು ಗುಟುಕಿಗೊಮ್ಮೆ ಏದುಸಿರು ಬಿಟ್ಟು ನಿಲ್ಲಿಸುವುದು ಹೃದಯದ ತೊಂದರೆಯ ಗುರುತಾಗಿರಬಹುದು. ಅದೇ ದಿನ ತೋರಿಸಬೇಕು.

ಎಲ್ಲಕ್ಕೂ ಮೊದಲು: ತಕ್ಕಡಿಯೇ ತಪ್ಪು ಹೇಳುತ್ತಿದೆಯೇ?

‘ತೂಕ ಏರಿಲ್ಲ’, ‘ವಿಪರೀತ ಏರಿದೆ’ ಎಂಬ ದೂರುಗಳಲ್ಲಿ ಎಷ್ಟೋ ಸಲ ತಪ್ಪಿರುವುದು ಅಳತೆಯಲ್ಲಿ. ಹೆರಿಗೆ ಆಸ್ಪತ್ರೆಯಲ್ಲಿ ಬರಿಮೈಯಲ್ಲಿ ತೂಗಿರುತ್ತಾರೆ. ಮನೆಗೆ ಬಂದ ಮೇಲೆ ಕುಲಾವಿ, ಸ್ವೆಟರು, ಡೈಪರು, ಸುತ್ತಿದ ಬಟ್ಟೆ ಎಲ್ಲ ಸೇರಿಸಿ ತೂಗುತ್ತಾರೆ. ಒದ್ದೆ ಡೈಪರೊಂದೇ ನೂರು ಗ್ರಾಂ ದಾಟಬಲ್ಲದು. ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಏರುವ ಮಗುವಿಗೆ ಅದು ಮೂರು ನಾಲ್ಕು ದಿನದ ಗಳಿಕೆ.

ಜೋಲಿಯಲ್ಲಿ ಕೂರಿಸಿ ನೇತುಹಾಕುವ ಸ್ಪ್ರಿಂಗ್ ತಕ್ಕಡಿಯಲ್ಲಿ ಗೆರೆಗಳು ನೂರು ಗ್ರಾಮಿಗೊಂದು. ಮಗು ಕಾಲು ಒದೆಯುತ್ತಿದ್ದರೆ ಮುಳ್ಳು ಎರಡು ಗೆರೆಗಳ ನಡುವೆ ತೂಗಾಡುತ್ತದೆ, ನೋಡುವವರು ಯಾವುದೋ ಒಂದನ್ನು ಬರೆದುಕೊಳ್ಳುತ್ತಾರೆ. ದೊಡ್ಡವರ ತಕ್ಕಡಿ ಮೇಲೆ ಮಗುವನ್ನು ಎತ್ತಿಕೊಂಡು ನಿಂತು, ಆಮೇಲೆ ತಾಯಿಯ ತೂಕ ಕಳೆಯುವುದಂತೂ ಈ ವಯಸ್ಸಿಗೆ ನಂಬುವಂಥ ಲೆಕ್ಕವಲ್ಲ.

ಸರಿಯಾದ ಕ್ರಮ ಸುಲಭ. ಪಿಎಚ್‌ಸಿ ಅಥವಾ ಅಂಗನವಾಡಿಯಲ್ಲಿ ಶಿಶುಗಳ ಡಿಜಿಟಲ್ ತಕ್ಕಡಿ ಇದ್ದರೆ ಪ್ರತಿ ಸಲ ಅದರಲ್ಲೇ ತೂಗಿಸಿ. ಬಟ್ಟೆ ಹಾಸಿ ಸೊನ್ನೆಗೆ ತಂದುಕೊಂಡು, ಮಗುವನ್ನು ಬರಿಮೈಯಲ್ಲಿ ಮಲಗಿಸಿ, ಎರಡು ಸಲ ನೋಡಿ. ವಾರಕ್ಕೊಮ್ಮೆ ಸಾಕು. ದಿನಾ ತೂಗಿದರೆ ಒಂದು ಹೊತ್ತಿನ ಹಾಲು, ಒಂದು ಮಲವಿಸರ್ಜನೆಯೇ ಅಂಕಿಯನ್ನು ಮೇಲೆ ಕೆಳಗೆ ಮಾಡಿ ಮನೆಯವರ ನಿದ್ದೆ ಕೆಡಿಸುತ್ತದೆ. ತೂಕವನ್ನು ತಾಯಿ ಕಾರ್ಡಿನ ಬೆಳವಣಿಗೆ ಚಾರ್ಟಿನಲ್ಲಿ ಚುಕ್ಕಿ ಇಟ್ಟು ಗುರುತಿಸಿ. ಆಶಾ ಕಾರ್ಯಕರ್ತೆ ಆಸ್ಪತ್ರೆ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ತಕ್ಕಡಿ ಅವರ ಹತ್ತಿರವೇ ಇರುತ್ತದೆ, ಕೇಳಿ ತೂಗಿಸಿ.

ಎರಡು ಬೇರೆ ಬೇರೆ ದಿನದ ಸರಿಯಾದ ತೂಕ ಕೈಯಲ್ಲಿರುವವರು ಮಾತ್ರ ಮುಂದಕ್ಕೆ ಹೋಗಿ.

ಲಕ್ಷಣ: ಹುಟ್ಟಿದ ಮೇಲೆ ತೂಕ ಇಳಿದಿದೆ

ಮೊದಲ ಮೂರು ನಾಲ್ಕು ದಿನ ತೂಕ ಇಳಿಯುವುದು ಸಹಜ. ಮಗು ಹುಟ್ಟುವಾಗ ಮೈಯಲ್ಲಿ ಹೆಚ್ಚಿನ ನೀರು ಇರುತ್ತದೆ, ಅದು ಮೂತ್ರವಾಗಿ ಹೋಗುತ್ತದೆ. ಸಿಸೇರಿಯನ್‌ಗೆ ಮುಂಚೆ ತಾಯಿಗೆ ಬಹಳ ಡ್ರಿಪ್ ಕೊಟ್ಟಿದ್ದರೆ ಹುಟ್ಟಿದ ತೂಕವೇ ಸ್ವಲ್ಪ ಉಬ್ಬಿರಬಹುದು, ಇಳಿಕೆಯೂ ಹೆಚ್ಚು ಕಾಣಬಹುದು.

ಇದೇ ದಿನಗಳಲ್ಲಿ ಲೆಪ್ಟಿನ್ ಕೂಡ ಕುಸಿಯುತ್ತದೆ. ಹೊಟ್ಟೆಯಲ್ಲಿದ್ದಾಗ ಮಗುವಿನ ಕೊಬ್ಬಿನ ಜೊತೆಗೆ ಮಾಸೂ ಲೆಪ್ಟಿನ್ ತಯಾರಿಸುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ಮೂಲ ನಿಲ್ಲುತ್ತದೆ. ಕೊಬ್ಬು ಕರಗಿಸಿ ಶಕ್ತಿ ಹೊಂದಿಸಿಕೊಳ್ಳಬೇಕಾದ, ಪದೇ ಪದೇ ಎದ್ದು ಹಾಲಿಗೆ ಅಳಬೇಕಾದ ಸಮಯಕ್ಕೆ ಲೆಪ್ಟಿನ್ ಇಳಿದಿರುತ್ತದೆ. ಹಾಗಾಗಿ ಎರಡನೇ ರಾತ್ರಿ ಮಗು ಗಂಟೆಗೊಮ್ಮೆ ಅಳುವುದನ್ನು ನೋಡಿ ಹಾಲಿಲ್ಲ ಎಂದು ತೀರ್ಮಾನಿಸಬೇಡಿ. ಮೊದಲ ಹಳದಿ ಹಾಲು ಚಮಚದಷ್ಟೇ ಬಂದರೂ ಗೋಲಿಯಷ್ಟಿರುವ ಹೊಟ್ಟೆಗೆ ಅದು ಸಾಕು.

ಹುಟ್ಟಿದ ತೂಕದ ಶೇಕಡಾ 7ರವರೆಗಿನ ಇಳಿಕೆಗೆ ಗಾಬರಿ ಬೇಡ. ಅದನ್ನು ದಾಟಿದರೆ ಹಾಲುಣಿಸುವ ರೀತಿಯನ್ನು ಯಾರಾದರೂ ತಿಳಿದವರು ಕೂತು ನೋಡಬೇಕು. ಶೇಕಡಾ 10 ಮುಟ್ಟಿದರೆ, ಅಂದರೆ 3 ಕಿಲೋ ಮಗು 2.7ಕ್ಕೆ ಬಂದರೆ, ಅಂದೇ ವೈದ್ಯರಿಗೆ ತೋರಿಸಿ.

ಲಕ್ಷಣ: ಎರಡು ವಾರ ಕಳೆದರೂ ಹುಟ್ಟಿದ ತೂಕಕ್ಕೆ ಮರಳಿಲ್ಲ

10ರಿಂದ 14 ದಿನದೊಳಗೆ ಮರಳಬೇಕು. ಆಮೇಲೆ ತಿಂಗಳಿಗೆ ಅರ್ಧ ಕಿಲೋಗಿಂತ ಕಡಿಮೆ ಏರಿದರೆ ಅದು ನಿಜವಾದ ದೋಷ.

ಮೊದಲು ಬಟ್ಟೆ ಎಣಿಸಿ. ಐದನೇ ದಿನದ ನಂತರ 24 ಗಂಟೆಯಲ್ಲಿ ಆರು ಅಥವಾ ಹೆಚ್ಚು ಸಲ ಬಟ್ಟೆ ಒದ್ದೆಯಾಗಬೇಕು, ಮೂತ್ರ ತಿಳಿಯಾಗಿರಬೇಕು, ಮಲ ಕಪ್ಪಿನಿಂದ ಹಳದಿಗೆ ತಿರುಗಿರಬೇಕು. ಹೀಗಿದ್ದರೆ ಹಾಲು ಒಳಕ್ಕೆ ಹೋಗುತ್ತಿದೆ. ಕೆಲವು ದಿನವಾದರೂ ಡೈಪರ್ ಬಿಟ್ಟು ಹಳೆಯ ಹತ್ತಿ ಬಟ್ಟೆ ಕಟ್ಟಿ, ಲೆಕ್ಕ ಸರಿಯಾಗಿ ಸಿಗುತ್ತದೆ.

ಬಟ್ಟೆ ಕಡಿಮೆ ಒದ್ದೆಯಾಗುತ್ತಿದ್ದರೆ ಮೊಲೆ ಕಚ್ಚುವ ರೀತಿ ನೋಡಿ. ಮಗು ತೊಟ್ಟನ್ನಷ್ಟೇ ಹಿಡಿದಿದ್ದರೆ ಹಾಲು ಬರುವುದಿಲ್ಲ, ತಾಯಿಗೆ ನೋವು ಮಾತ್ರ. ಬಾಯಿ ಅಗಲವಾಗಿ ತೆರೆದಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು, ಗದ್ದ ಮೊಲೆಗೆ ತಾಗಿರಬೇಕು, ತೊಟ್ಟಿನ ಸುತ್ತಲ ಕಪ್ಪು ಭಾಗ ಬಾಯಿಯ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣಬೇಕು. ಹತ್ತಿರ ಕಿವಿಯಿಟ್ಟರೆ ನುಂಗುವ ಸದ್ದು ಕೇಳುತ್ತದೆ. ಸದ್ದಿಲ್ಲದೆ ಕೆನ್ನೆ ಒಳಕ್ಕೆ ಗುಳಿ ಬೀಳುತ್ತಿದ್ದರೆ ಬಿಡಿಸಿ ಮತ್ತೆ ಕಚ್ಚಿಸಿ.

ಆಮೇಲೆ ಎಷ್ಟು ಸಲ ಎಂಬುದು. ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಸೇರಿ. ಒಂದು ಮೊಲೆ ಖಾಲಿಯಾಗುವ ಮುಂಚೆ ಇನ್ನೊಂದಕ್ಕೆ ಬದಲಿಸಬಾರದು, ಯಾಕೆಂದರೆ ಕೊಬ್ಬಿನಂಶ ಹೆಚ್ಚಿರುವ ಹಾಲು ಬರುವುದು ಕೊನೆಯಲ್ಲಿ. ಹೆಚ್ಚು ನಿದ್ದೆ ಮಾಡುವ ಮಗುವನ್ನು, ವಿಶೇಷವಾಗಿ ತಿಂಗಳು ತುಂಬದೆ ಹುಟ್ಟಿದ್ದರೆ, ಎರಡು ಮೂರು ಗಂಟೆಗೊಮ್ಮೆ ಅಂಗಾಲು ಸವರಿ ಎಬ್ಬಿಸಬೇಕು.

ಹೊಟ್ಟೆಯಲ್ಲಿ ಬೇರೇನು ಜಾಗ ಹಿಡಿದಿದೆ ಎಂದೂ ಕೇಳಿಕೊಳ್ಳಿ. ಸಕ್ಕರೆ ನೀರು, ಗ್ರೈಪ್ ವಾಟರ್, ತೇಯ್ದ ಬಜೆ, ಜೀರಿಗೆ ನೀರು, ಇವು ಮಗುವಿನ ಪುಟ್ಟ ಹೊಟ್ಟೆ ತುಂಬಿಸಿ ಹಾಲು ಕುಡಿಯುವುದನ್ನು ತಪ್ಪಿಸುತ್ತವೆ. ಬೇಸಿಗೆಯಲ್ಲೂ ಆರು ತಿಂಗಳವರೆಗೆ ನೀರು ಬೇಡ. ಜೇನಂತೂ ವರ್ಷ ತುಂಬುವವರೆಗೆ ನಾಲಿಗೆಗೆ ತಾಗಿಸಬಾರದು, ಅದರಿಂದ ಬೊಟುಲಿಸಂ ಎಂಬ ಪ್ರಾಣಾಂತಿಕ ವಿಷಬಾಧೆ ಆಗಬಹುದು. ಅಜ್ಜಿಯರು ಪ್ರೀತಿಯಿಂದಲೇ ಮಾಡುತ್ತಾರೆ. ಅವರನ್ನು ನೋಯಿಸದೆ, ಎಣ್ಣೆ ತಿಕ್ಕುವುದು, ತೊಟ್ಟಿಲು ತೂಗುವುದು, ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿ ತೇಗಿಸುವುದು, ಇಂಥ ಕೆಲಸ ಅವರ ಕೈಗೆ ಕೊಡಿ.

ಇಷ್ಟೆಲ್ಲ ಸರಿಯಿದ್ದೂ ವಾರದಲ್ಲಿ ತೂಕ ಅಲುಗದಿದ್ದರೆ ಮನೆಯ ತಪಾಸಣೆ ಅಲ್ಲಿಗೆ ಮುಗಿಯಿತು. ಮೂತ್ರದ ಸೋಂಕು, ಥೈರಾಯ್ಡ್, ಹೃದಯ, ಪಚನದ ತೊಂದರೆ ಇವನ್ನೆಲ್ಲ ನೋಡಬೇಕಾದವರು ವೈದ್ಯರು. ಹಾಲು ಕುಡಿದ ಕೂಡಲೇ ದೂರಕ್ಕೆ ಚಿಮ್ಮುವ ವಾಂತಿ ಮೂರನೇ ವಾರದ ಸುಮಾರಿಗೆ ಶುರುವಾಗಿದ್ದರೆ, ಜಠರದ ಬಾಯಿ ಇಕ್ಕಟ್ಟಾಗಿರಬಹುದು. ಅದು ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆ. ಕಾಮಾಲೆ ಎರಡು ವಾರ ದಾಟಿದ್ದು ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಒಂದು ದಿನವನ್ನೂ ಕಳೆಯಬೇಡಿ. ಪಿತ್ತನಾಳ ಮುಚ್ಚಿರುವ ಮಗುವಿಗೆ ಮಾಡುವ ಶಸ್ತ್ರಚಿಕಿತ್ಸೆ ಎರಡು ತಿಂಗಳೊಳಗೆ ಆದರೆ ಫಲ ಹೆಚ್ಚು.

ಲಕ್ಷಣ: ಸಣ್ಣದಾಗಿ ಹುಟ್ಟಿದ ಮಗು ಈಗ ಭರದಿಂದ ಏರುತ್ತಿದೆ

ನಮ್ಮ ಮನೆಗಳಲ್ಲಿ ಇದನ್ನು ಯಾರೂ ದೋಷವೆಂದು ಕರೆಯುವುದಿಲ್ಲ. ಅರ್ಧ ಸತ್ಯ ಅದು. ಇಲ್ಲಿ ನಿಧಾನವಾಗಿ ಓದಿ.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಪುಣೆ ಸುತ್ತಲ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್‌ನ ಕೂಸುಗಳ ಜೊತೆ ಹೋಲಿಸಿದರು. ಅಲ್ಲಿಯವು ಸರಾಸರಿ 3.5 ಕಿಲೋ, ನಮ್ಮವು 2.7 ಕಿಲೋ. ತೋಳು, ಹೊಟ್ಟೆ, ಸ್ನಾಯು ಎಲ್ಲ ಚಿಕ್ಕವು. ಆದರೆ ಭುಜದೆಲುಬಿನ ಕೆಳಗೆ ಚರ್ಮ ಚಿವುಟಿ ಅಳೆದಾಗ ಕೊಬ್ಬು ಹೆಚ್ಚುಕಡಿಮೆ ಉಳಿದುಕೊಂಡಿತ್ತು. ಹೊಕ್ಕುಳಬಳ್ಳಿಯ ರಕ್ತದಲ್ಲಿ ಲೆಪ್ಟಿನ್ ಮತ್ತು ಇನ್ಸುಲಿನ್ ಕೂಡ ಅಷ್ಟು ಸಣ್ಣ ಮೈಗೆ ಇರಬೇಕಾದುದಕ್ಕಿಂತ ಹೆಚ್ಚಿದ್ದವು. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಊರವರು ಮಿಷನ್ ಆಸ್ಪತ್ರೆ ಎನ್ನುವಲ್ಲಿ, 1990ರ ದಶಕದ ಕೊನೆಯಲ್ಲಿ ಹುಟ್ಟಿದ ಮಕ್ಕಳಲ್ಲೂ ಇದೇ ಚಿತ್ರ ಕಂಡಿತು. ತೂಕದಲ್ಲಿ ಸಣ್ಣಗೆ, ಒಳಗೆ ಕೊಬ್ಬು: ನಮ್ಮ ಮಕ್ಕಳು ಹುಟ್ಟುವುದೇ ಹೀಗೆ. ಸ್ನಾಯು ಕಟ್ಟುವ ಮೊದಲೇ ಇಂಥ ಮಗುವಿನ ಮೇಲೆ ಕೊಬ್ಬು ಹೇರಿದರೆ ಮುಂದೆ ಸಕ್ಕರೆ ಕಾಯಿಲೆಗೆ ದಾರಿ ಸುಲಭವಾಗುತ್ತದೆ.

ಇನ್ನೊಂದು ಅಂಶ. ಒಂದೇ ಊರಿನ ಮಕ್ಕಳಲ್ಲಿ ನೋಡಿದರೆ, ಗರ್ಭದಲ್ಲಿ ಸರಿಯಾಗಿ ಬೆಳೆಯದೆ ಹುಟ್ಟಿದ ಮಗುವಿಗೆ ಹೊಕ್ಕುಳಬಳ್ಳಿಯ ಲೆಪ್ಟಿನ್ ಉಳಿದವರಿಗಿಂತ ಕಡಿಮೆ. ಲೆಪ್ಟಿನ್ ಕಡಿಮೆಯಿದ್ದ ಮಕ್ಕಳು ಮೊದಲ ತಿಂಗಳುಗಳಲ್ಲಿ ಹೆಚ್ಚು ವೇಗವಾಗಿ ತೂಕ ಏರಿಸಿಕೊಳ್ಳುತ್ತವೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಕಾರಣ ಲೆಪ್ಟಿನ್ ಒಂದೇ ಎಂದು ಹೇಳುವಂತಿಲ್ಲ, ಆದರೂ ‘ಸಣ್ಣ ಮಗು ಹಪಹಪಿಸಿ ಕುಡಿಯುತ್ತದೆ’ ಎಂಬ ತಾಯಂದಿರ ಮಾತಿಗೆ ಇದು ಹೊಂದುತ್ತದೆ.

ಹಾಗಾದರೆ ಏನು ಮಾಡಬೇಕು? ಉದ್ದ ಅಳೆಸಿ. ಇದೇ ಇಲ್ಲಿನ ಮುಖ್ಯ ಪರೀಕ್ಷೆ, ನಮ್ಮಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ. ಮಲಗಿಸಿ ಅಳೆಯುವ ಹಲಗೆ ಇರುವಲ್ಲಿ, ಒಬ್ಬರು ತಲೆ ಹಿಡಿದು ಇನ್ನೊಬ್ಬರು ಮಂಡಿ ನೇರ ಮಾಡಿ ತಿಂಗಳಿಗೊಮ್ಮೆ ಅಳೆಯಬೇಕು. ತೂಕದ ಜೊತೆ ಉದ್ದವೂ ತಲೆಯ ಸುತ್ತಳತೆಯೂ ಏರುತ್ತಿದ್ದರೆ ಮಗು ಕಳೆದುಕೊಂಡದ್ದನ್ನು ತುಂಬಿಕೊಳ್ಳುತ್ತಿದೆ, ಸಂತೋಷಪಡಿ. ಉದ್ದ ನಿಂತು ತೂಕ ಮಾತ್ರ ಗೆರೆ ದಾಟಿ ಮೇಲೇರುತ್ತಿದ್ದರೆ ಯಾವ ಹಾಲು, ಎಷ್ಟು ಎಂದು ನೋಡಬೇಕು. ಬರೀ ಎದೆಹಾಲು ಕುಡಿಯುವ ಮಗುವಾದರೆ ಏನನ್ನೂ ಕಡಿಮೆ ಮಾಡಬೇಡಿ. ‘ಬೇಗ ದಪ್ಪಗಾಗಲಿ’ ಎಂದು ಮೇಲೆ ಪುಡಿ ಹಾಲು ಸೇರಿಸಿದ್ದರೆ, ಅದನ್ನು ಹಂತಹಂತವಾಗಿ ಬಿಡುವ ಬಗ್ಗೆ ವೈದ್ಯರ ಹತ್ತಿರ ಮಾತಾಡಿ.

ತಿಂಗಳು ತುಂಬದೆ ಹುಟ್ಟಿದ ಮಗುವಿನ ಲೆಕ್ಕ ಬೇರೆ. ಅದಕ್ಕೆ ಮೆದುಳಿನ ಬೆಳವಣಿಗೆಗಾಗಿ ತೂಕ ಬೇಕೇ ಬೇಕು. ಚಾರ್ಟ್ ನೋಡುವಾಗ ಎಷ್ಟು ವಾರ ಮೊದಲೇ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ನೋಡಿ. ಎರಡೂವರೆ ಕಿಲೋಗಿಂತ ಕಡಿಮೆ ಇರುವವರೆಗೆ ಕಾಂಗರೂ ಆರೈಕೆ, ಅಂದರೆ ತಾಯಿಯ ಬರಿಯೆದೆಗೆ ಮಗುವಿನ ಬರಿಮೈ ತಾಗಿಸಿ ಕಟ್ಟಿಕೊಳ್ಳುವುದು, ಯಾವ ಟಾನಿಕ್‌ಗಿಂತ ಮೇಲು. ತಂದೆಯೂ ಕಟ್ಟಿಕೊಳ್ಳಬಹುದು.

ಲಕ್ಷಣ: ದಪ್ಪಗೆ ಹುಟ್ಟಿತು, ಈಗ ನಿಧಾನವಾಗಿ ಏರುತ್ತಿದೆ

ತಾಯಿ ಕಾರ್ಡ್ ತೆಗೆದು ಗರ್ಭಿಣಿಯಾಗಿದ್ದಾಗಿನ ಸಕ್ಕರೆ ಪರೀಕ್ಷೆ ಹುಡುಕಿ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ನಂತರ 140 ಅಥವಾ ಹೆಚ್ಚು ಬಂದಿದ್ದರೆ ಅದು ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ. ತಾಯಿಯ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ಮಗು ತನ್ನದೇ ಇನ್ಸುಲಿನ್ ಹೆಚ್ಚಿಸಿಕೊಂಡು ಅದನ್ನು ಕೊಬ್ಬಾಗಿಸುತ್ತದೆ. ಕೊಬ್ಬು ಹೆಚ್ಚಾದಂತೆ ಲೆಪ್ಟಿನ್ ಹೆಚ್ಚು. ಇಂಥ ಮಗು ಹುಟ್ಟಿದ ಮೇಲೆ ಸ್ವಲ್ಪ ನಿಧಾನಿಸಿ ತನ್ನ ಸಹಜ ಗೆರೆಗೆ ಇಳಿಯುವುದು ಅನೇಕ ಸಲ ಒಳ್ಳೆಯದೇ. ಬಟ್ಟೆ ಒದ್ದೆಯಾಗುತ್ತಿದ್ದು, ಎಚ್ಚರವಿದ್ದಾಗ ಲವಲವಿಕೆಯಿದ್ದು, ತಿಂಗಳಿಗೆ ಅರ್ಧ ಕಿಲೋಗಿಂತ ಹೆಚ್ಚು ಏರುತ್ತಿದ್ದರೆ ಹಾಗೇ ಬಿಡಿ. ‘ಹುಟ್ಟಿದಾಗ ಇದ್ದ ಮೈ ಇಳಿದುಹೋಯಿತು’ ಎಂದು ಬಾಟಲಿ ಹಿಡಿಯಬೇಡಿ.

ಮೊದಲ ಒಂದೆರಡು ದಿನ ಮಾತ್ರ ಎಚ್ಚರ ಬೇಕು. ಇಂಥ ಮಗುವಿನ ರಕ್ತದ ಸಕ್ಕರೆ ಏಕಾಏಕಿ ಕುಸಿಯಬಹುದು. ಕೈಕಾಲು ನಡುಗಿದರೆ, ಮಂಕಾದರೆ ತಕ್ಷಣ ನರ್ಸ್‌ಗೆ ಹೇಳಿ.

ಲಕ್ಷಣ: ಪುಡಿ ಹಾಲು ಕುಡಿಯುವ ಮಗು ತಿಂಗಳಿಗೆ ಒಂದೂವರೆ ಕಿಲೋ ಏರಿದೆ

ಅಳತೆಗೆ ಹೇಳುವುದಾದರೆ, ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಲ್ಲಿ ನಡುಗೆರೆಯ (ಅರ್ಧ ಮಕ್ಕಳು ಇದಕ್ಕಿಂತ ಮೇಲೆ, ಅರ್ಧ ಕೆಳಗೆ) ಗಂಡು ಮಗು ಹುಟ್ಟಿದಾಗ 3.3 ಕಿಲೋ, ಒಂದು ತಿಂಗಳಿಗೆ 4.5, ಎರಡಕ್ಕೆ 5.6, ಮೂರಕ್ಕೆ 6.4. ಹೆಣ್ಣು ಮಗು 3.2, 4.2, 5.1, 5.8. ಆ ಮಾನದಂಡಕ್ಕೆ ಅಳೆದ ಆರು ದೇಶಗಳಲ್ಲಿ ದಕ್ಷಿಣ ದೆಹಲಿಯ ಮಕ್ಕಳೂ ಇದ್ದರು, ಆದ್ದರಿಂದ ‘ಅದು ವಿದೇಶಿ ಚಾರ್ಟ್’ ಎಂಬ ತಕರಾರು ನಿಲ್ಲುವುದಿಲ್ಲ.

ಮೊದಲು ಡಬ್ಬಿಯೊಳಗಿನ ಚಮಚ ನೋಡಿ. ಪುಡಿಯನ್ನು ಒತ್ತಿ ತುಂಬಿ ಗೋಪುರ ಮಾಡಿದರೆ ಹಾಲು ಗಟ್ಟಿಯಾಗುತ್ತದೆ. ಅದರಿಂದ ಕೊಬ್ಬು ಮಾತ್ರವಲ್ಲ, ನಿರ್ಜಲೀಕರಣದ ಅಪಾಯವೂ ಇದೆ. ಚಮಚದ ಮೇಲ್ಮೈ ಚಾಕುವಿನ ಬೆನ್ನಿನಿಂದ ಸಮಮಾಡಬೇಕು, ಡಬ್ಬಿ ಮೇಲೆ ಬರೆದಷ್ಟೇ ನೀರು ಮೊದಲು ಹಾಕಿ ಆಮೇಲೆ ಪುಡಿ. ಡಬ್ಬಿ ಬೇಗ ಖರ್ಚಾಗುತ್ತದೆಂದು ನೀರು ಹೆಚ್ಚಿಸುವುದೂ ಅಷ್ಟೇ ಕೆಟ್ಟದ್ದು.

ಬಾಟಲಿ ಖಾಲಿಯಾಗಲೇಬೇಕೆಂಬ ಹಟ ಬಿಡಿ. ಮಗು ಮುಖ ತಿರುಗಿಸಿದರೆ, ಬೆರಳು ಬಿಚ್ಚಿ ಸಡಿಲವಾದರೆ ಹೊಟ್ಟೆ ತುಂಬಿದೆ. ಎದೆಹಾಲಿನಲ್ಲಿ ಮಗು ತಾನೇ ನಿಲ್ಲಿಸುತ್ತದೆ, ಬಾಟಲಿಯಲ್ಲಿ ನಿಲ್ಲಿಸುವವರು ನಾವು. ತಾಯಿಯ ಹಾಲಿನಲ್ಲಿ ಲೆಪ್ಟಿನ್, ಅಡಿಪೊನೆಕ್ಟಿನ್ ಎರಡೂ ಇರುತ್ತವೆ, ಪುಡಿಯಲ್ಲಿ ಆ ಜೀವಂತ ಹಾರ್ಮೋನುಗಳಿಲ್ಲ. ಪ್ರೋಟೀನಿನ ಲೆಕ್ಕವೂ ಇದೆ. ತಾಯಿಹಾಲಿನಲ್ಲಿ 100 ಮಿಲೀಗೆ ಸುಮಾರು 1 ಗ್ರಾಂ, ಹಸುವಿನ ಹಾಲಿನಲ್ಲಿ ಮೂರು ಗ್ರಾಮಿಗೂ ಹೆಚ್ಚು. ಐರೋಪ್ಯ ದೇಶಗಳಲ್ಲಿ ಹೆಚ್ಚು ಪ್ರೋಟೀನಿನ ಪುಡಿ ಹಾಲು ಕುಡಿದ ಮಕ್ಕಳು ಎರಡು ವರ್ಷಕ್ಕೆ ಉದ್ದಕ್ಕೆ ಮೀರಿದ ತೂಕ ಪಡೆದದ್ದು ದೊಡ್ಡ ಅಧ್ಯಯನದಲ್ಲಿ ಕಂಡುಬಂದಿದೆ. ಹಾಗಾಗಿ ‘ಡಬ್ಬಿ ಬೇಡವೆಂದರೆ ಹಸುವಿನ ಹಾಲು’ ಎಂಬ ಬದಲಾವಣೆ ಪರಿಹಾರವಲ್ಲ. ತಾಯಿಗೆ ಮತ್ತೆ ಹಾಲು ಬರಿಸಲು ಸಾಧ್ಯವೇ ಎಂದು ಕೇಳಿ. ಮೊದಲ ತಿಂಗಳುಗಳಲ್ಲಿ ಬಹಳ ಜನರಿಗೆ ಸಾಧ್ಯ.

ಬರೀ ಎದೆಹಾಲು ಕುಡಿದು ಮೂರು ನಾಲ್ಕು ತಿಂಗಳಿಗೆ ತೊಡೆಯಲ್ಲಿ ಮಡಿಕೆ ಬಿದ್ದ ಮಗುವಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಆ ಮಗುವಿಗೆ ಹಾಲು ತಡೆಹಿಡಿಯುವುದು ಅನ್ಯಾಯ.

ಲಕ್ಷಣ: ಮುಖ ಮಾತ್ರ ಗುಂಡಗಾಗಿದೆ

ಕೆನ್ನೆ ಚಂದ್ರನಂತೆ ಉಬ್ಬಿ, ಕೈಕಾಲು ಸಣ್ಣಗೇ ಉಳಿದಿದ್ದರೆ ಡೈಪರ್ ಗುಳ್ಳೆಗೆ ಯಾವ ಮುಲಾಮು ಹಚ್ಚುತ್ತಿದ್ದೀರಿ ಎಂದು ಟ್ಯೂಬ್ ತಿರುಗಿಸಿ ಓದಿ. ಹೆಸರಿನಲ್ಲಿ ಕ್ಲೊಬೆಟಾಸೋಲ್ ಅಥವಾ ಬೀಟಾಮೆಥಾಸೋನ್ ಇದ್ದರೆ ಅದು ಜೋರಾದ ಸ್ಟೀರಾಯ್ಡ್. ಎಳೆಚರ್ಮದ ಮೂಲಕ ರಕ್ತಕ್ಕೆ ಸೇರಿ ಮುಖ ಊದಿಸುತ್ತದೆ, ಉದ್ದದ ಬೆಳವಣಿಗೆ ನಿಲ್ಲಿಸುತ್ತದೆ, ರೋಗ ತಡೆಯುವ ಶಕ್ತಿ ಕುಂದಿಸುತ್ತದೆ. ವಾರಗಟ್ಟಲೆ ಹಚ್ಚಿದ್ದರೆ ಥಟ್ಟನೆ ನಿಲ್ಲಿಸುವುದೂ ಅಪಾಯ, ಟ್ಯೂಬ್ ಸಮೇತ ಅಂದೇ ವೈದ್ಯರ ಬಳಿ ಹೋಗಿ. ಹೆಸರಿಲ್ಲದ ಪುಡಿ, ಹನಿಗಳನ್ನು ಕೊಡುತ್ತಿದ್ದರೂ ಹೀಗೇ.

ಪಾದದ ಮೇಲೆ ಬೆರಳು ಒತ್ತಿದಾಗ ಗುಳಿ ಉಳಿದರೆ ಅದು ನೀರು, ಕೊಬ್ಬಲ್ಲ. ನಾಲಿಗೆ ದಪ್ಪ, ಅಳು ಒಡಕು, ಮಲಬದ್ಧತೆ, ಮುಗಿಯದ ಕಾಮಾಲೆ ಇದ್ದರೆ ಥೈರಾಯ್ಡ್ ಪರೀಕ್ಷೆ ಆಗಲೇಬೇಕು.

ಲಕ್ಷಣ: ಎಷ್ಟು ಕುಡಿದರೂ ತಣಿಯದ ಹಸಿವು, ನಿಲ್ಲದ ಏರಿಕೆ

ತೀರ ಅಪರೂಪ, ಆದರೆ ಗುರುತಿಸಿದರೆ ಚಿಕಿತ್ಸೆ ಇದೆ. 1997ರಲ್ಲಿ ಕೇಂಬ್ರಿಜ್‌ನ ವೈದ್ಯರು ಪಾಕಿಸ್ತಾನಿ ಮೂಲದ ಒಂದೇ ಕುಟುಂಬದ ಇಬ್ಬರು ಮಕ್ಕಳಲ್ಲಿ ಲೆಪ್ಟಿನ್ ತಯಾರಾಗುವುದೇ ಇಲ್ಲವೆಂದು ಕಂಡುಹಿಡಿದರು. ಹುಟ್ಟಿದಾಗ ತೂಕ ಸಾಮಾನ್ಯ, ಮೊದಲ ತಿಂಗಳುಗಳಿಂದಲೇ ವಿಪರೀತ ಏರಿಕೆ, ಅಡಗದ ಹಸಿವು. ಎರಡು ವರ್ಷದ ನಂತರ ಪ್ರಯೋಗಾಲಯದಲ್ಲಿ ತಯಾರಿಸಿದ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವು ಅಡಗಿತು, ತೂಕ ಇಳಿಯಿತು. ತಂದೆ, ತಾಯಿ ಎರಡೂ ಕಡೆಯಿಂದ ದೋಷದ ಜೀನ್ ಬಂದಾಗ ಮಾತ್ರ ಇದು ಬರುತ್ತದೆ. ಹಾಗಾಗಿ ರಕ್ತಸಂಬಂಧದಲ್ಲಿ ಮದುವೆಯಾದವರ ಮಗು ಆರು ತಿಂಗಳೊಳಗೇ ಹೀಗೆ ಏರುತ್ತಿದ್ದರೆ, ಮಕ್ಕಳ ಹಾರ್ಮೋನು ತಜ್ಞರನ್ನು ಕಾಣುವುದು ಸರಿ. ಲೆಪ್ಟಿನ್ ರಕ್ತಪರೀಕ್ಷೆಗೆ ಅರ್ಥ ಬರುವುದು ಇಂಥಲ್ಲಿ. ಉಳಿದ ಮಕ್ಕಳಲ್ಲಿ ಲೆಪ್ಟಿನ್ ಅವರ ಕೊಬ್ಬಿಗೆ ತಕ್ಕಂತೆ ಇರುತ್ತದೆ, ವಾರಗಳಲ್ಲಿ ಬದಲಾಗುತ್ತದೆ, ಹೆಣ್ಣು ಮಕ್ಕಳಲ್ಲಿ ಗಂಡಿಗಿಂತ ಹೆಚ್ಚಿರುತ್ತದೆ. ಆ ಅಂಕಿ ನೋಡಿ ಚಿಕಿತ್ಸೆ ಬದಲಾಗುವುದಿಲ್ಲ. ಪ್ಯಾಕೇಜ್ ಎಂದು ಮಾರಿದರೂ ಮಾಡಿಸಬೇಡಿ.

ವೈದ್ಯರ ಬಳಿ ಹೋಗುವಾಗ

ತಾಯಿ ಕಾರ್ಡ್, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ತೂಗಿದ ದಿನಾಂಕ ಮತ್ತು ತಕ್ಕಡಿ ಯಾವುದೆಂಬುದು, ಒಂದು ದಿನದ ಹಾಲು ಮತ್ತು ಒದ್ದೆ ಬಟ್ಟೆಯ ಲೆಕ್ಕ, ಪುಡಿ ಹಾಲಿದ್ದರೆ ಅದರ ಡಬ್ಬಿ ಮತ್ತು ಚಮಚ, ಹಚ್ಚುವ ಕುಡಿಸುವ ಎಲ್ಲ ಔಷಧಿ. ಹೋಗುವ ಮೊದಲು ಹಾಲು ಕುಡಿಸಿ ಮುಗಿಸಬೇಡಿ. ಮಗು ಹೇಗೆ ಕುಡಿಯುತ್ತದೆ ಎಂದು ವೈದ್ಯರ ಎದುರೇ ಕುಡಿಸಿ ತೋರಿಸುವುದರಿಂದ ತಿಳಿಯುವಷ್ಟು ಬಾಯಿಮಾತಿನಿಂದ ತಿಳಿಯುವುದಿಲ್ಲ.